330ಐ, ಸಿ 300ಡಿ ಮತ್ತು ಪುಣೆ–ಧಾರವಾಡ ದಾರಿ: ಮೂರು ವರ್ಷದ ಅನುಭವ

ನನ್ನ ಬಿಎಂಡಬ್ಲ್ಯು 330ಐ ಎಂ ಸ್ಪೋರ್ಟ್‌ಗೆ ಮೂರು ವರ್ಷ ಮುಗಿಯಿತು. 46,000 ಕಿಲೋಮೀಟರ್ ಓಡಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದಾರಿಯಲ್ಲಿ. ಪುಣೆಯ ಕೋಥ್ರೂಡ್‌ನಿಂದ ಧಾರವಾಡ, ಧಾರವಾಡದಿಂದ ಮತ್ತೆ ಕೋಥ್ರೂಡ್. ಒಂದು ಕಡೆಗೆ ಸುಮಾರು 420 ಕಿಲೋಮೀಟರ್. ಅವ್ವ ಅಲ್ಲಿದ್ದಾಳೆ. ಐದಾರು ವಾರಕ್ಕೊಮ್ಮೆ ಹೋಗಲೇಬೇಕು.

ಇನ್ನೊಂದು ಕಾರನ್ನೂ ಸಾಕಷ್ಟು ಓಡಿಸಿದ್ದೇನೆ. ಪುಣೆಯ ಬಾಣೇರ್‌ನಲ್ಲಿರುವ ನನ್ನ ಷಡ್ಕರು ಅದೇ 2022ರಲ್ಲಿ ಮರ್ಸಿಡಿಸ್ ಸಿ ಕ್ಲಾಸ್‌ನ ಸಿ 300ಡಿ ತೆಗೆದುಕೊಂಡರು. ಇಬ್ಬರೂ ಒಟ್ಟಿಗೇ ಶೋರೂಮ್ ಸುತ್ತಿದ್ದೆವು, ಒಟ್ಟಿಗೇ ಟೆಸ್ಟ್ ಡ್ರೈವ್ ಮಾಡಿದ್ದೆವು. ಕೊನೆಗೆ ಬೇರೆ ಬೇರೆ ಕಾರು ಮನೆಗೆ ಬಂದವು. ಆಗಾಗ ಕೀಲಿ ಬದಲಾಯಿಸಿಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಅವರ ಕಾರಿನಲ್ಲೂ ನಾನು ಏನಿಲ್ಲವೆಂದರೂ 9,000 ಕಿಲೋಮೀಟರ್ ಹೋಗಿದ್ದೇನೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ ಯಾರಾದರೊಬ್ಬರು "ಎರಡರಲ್ಲಿ ಯಾವುದು ತಗೋಬೇಕು?" ಎಂದು ಕೇಳುತ್ತಾರೆ. ಪಾರ್ಕಿಂಗ್‌ನಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು.

ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. 330ಐಗೆ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 258 ಎಚ್‌ಪಿ, 400 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ), 8 ಗೇರ್‌ನ ಆಟೋಮ್ಯಾಟಿಕ್. 100 ಕಿಲೋಮೀಟರ್ ವೇಗ ಮುಟ್ಟಲು ಕಂಪನಿ ಹೇಳುವ ಲೆಕ್ಕ 5.8 ಸೆಕೆಂಡ್. ಸಿ 300ಡಿಗೆ 2 ಲೀಟರ್ ಡೀಸೆಲ್, 265 ಎಚ್‌ಪಿ, 550 ಎನ್‌ಎಂ, 9 ಗೇರ್, 5.7 ಸೆಕೆಂಡ್. ಎರಡರಲ್ಲೂ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೇ. ಆ ಅಂಕಿ ನೋಡಿ ಯಾರೂ ತೀರ್ಮಾನ ಮಾಡಲು ಆಗುವುದಿಲ್ಲ.

ಬೇರೆಯವನ್ನೂ ನೋಡಿದ್ದೆವು. ಆಡಿ ಎ4 ನಾಜೂಕಾದ ಕಾರು, ಒಳಗೆ ಬಹಳ ಸದ್ದಿಲ್ಲ. ಆದರೆ 190 ಎಚ್‌ಪಿ, ಮುಂದಿನ ಚಕ್ರ ಎಳೆಯುವ ಕಾರು, ನಾವು ಹುಡುಕುತ್ತಿದ್ದ ಖುಷಿ ಅದರಲ್ಲಿ ಸಿಗಲಿಲ್ಲ. ಬಿಎಂಡಬ್ಲ್ಯುವಿನದೇ ಎಂ340ಐ ಓಡಿಸಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. 3 ಲೀಟರ್‌ನ ಆರು ಸಿಲಿಂಡರ್ ಎಂಜಿನ್, ಎಷ್ಟು ಒತ್ತಿದರೂ ನುಣುಪು ಬಿಡದ ದನಿ. ಬಜೆಟ್ ಮೀರಿತ್ತು, ಬಿಟ್ಟೆವು. ನನ್ನ 330ಐ ಸೇರಿದ 3 ಸೀರೀಸ್‌ನದೇ ಉದ್ದನೆಯ ಕಾರು, ಗ್ರ್ಯಾನ್ ಲಿಮೊಸಿನ್ ಕೂಡ ಶೋರೂಮ್‌ನಲ್ಲಿ ನಿಂತಿತ್ತು. ಅದನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಇದಕ್ಕೆ ಆಮೇಲೆ ಬರುತ್ತೇನೆ.

ಟೆಸ್ಟ್ ಡ್ರೈವ್ ಎಂದರೆ ಏನು? ಬಾಣೇರ್‌ನಿಂದ ಪಾಷಾಣ್ ಕಡೆಗೆ ಒಂದು ಸುತ್ತು, ಇಪ್ಪತ್ತು ನಿಮಿಷ, ಪಕ್ಕದಲ್ಲಿ ಸೇಲ್ಸ್ ಹುಡುಗ. ಆ ರಸ್ತೆಯಲ್ಲಿ ಯಾವ ಕಾರೂ ಚೆನ್ನಾಗಿಯೇ ಇರುತ್ತದೆ. ನಾವು ಕೇಳಿಕೊಂಡು ಒಂದು ಭಾನುವಾರ ಬೆಳಗ್ಗೆ ಎರಡೂ ಕಾರನ್ನು ಕಾತ್ರಜ್‌ನ ಹಳೇ ಘಾಟ್‌ಗೆ ತೆಗೆದುಕೊಂಡು ಹೋದೆವು. ಅಲ್ಲಿ ನನ್ನ ಮನಸ್ಸು ನಿಂತುಬಿಟ್ಟಿತು. 330ಐನ ಸ್ಟೀರಿಂಗ್ ತಿರುಗಿಸಿದರೆ ಮೂಗು ಕೂಡಲೇ ತಿರುಗುತ್ತದೆ, ಹಿಂಭಾಗ ಅದರ ಜೊತೆಗೇ ಬರುತ್ತದೆ. ಕಾರಿನ ಭಾರ ಮುಂದೆ ಅರ್ಧ, ಹಿಂದೆ ಅರ್ಧ ಹಂಚಿಕೊಂಡಿರುವುದು ಇಂಥ ಜಾಗದಲ್ಲಿ ಕೈಗೆ ತಿಳಿಯುತ್ತದೆ. ತಿರುವಿನ ಮಧ್ಯೆ ರಸ್ತೆ ಸ್ವಲ್ಪ ಒರಟಾದರೂ ಕಾರು ಗೆರೆ ಬಿಡುವುದಿಲ್ಲ. ಮೂರು ವರ್ಷವಾದರೂ ಖಂಬಾಟ್ಕಿ ಘಾಟ್ ಏರುವಾಗ ನನಗೆ ಅದೇ ಸಂತೋಷ. ಪುಣೆಯಿಂದ ಹೋಗುವಾಗ ನಾನು ಘಾಟ್ ಏರುತ್ತೇನೆ, ಬರುವಾಗ ಸುರಂಗ. ಹಾಗಾಗಿ ಹೋಗುವ ದಾರಿಯೇ ನನಗೆ ಜಾಸ್ತಿ ಇಷ್ಟ. ಬೆಳಗ್ಗೆ ಐದೂವರೆಗೆ ಲಾರಿಗಳು ಕಡಿಮೆ ಇರುವಾಗ ಆ ತಿರುವುಗಳಲ್ಲಿ ಗೇರ್‌ಬಾಕ್ಸ್ ತಾನೇ ಒಂದು ಗೇರ್ ಇಳಿಸಿಕೊಂಡು ಸಿದ್ಧವಾಗಿರುತ್ತದೆ. ನಾವು ಕೇಳುವ ಮೊದಲೇ.

ಸಿ 300ಡಿ ಅಲ್ಲಿ ಬೇರೆ ರೀತಿ. ಘಾಟ್‌ನಲ್ಲಿ ಅದೂ ವೇಗವಾಗಿ ಹೋಗುತ್ತದೆ, ಆದರೆ ಸುಮ್ನೆ ಸಮಾಧಾನವಾಗಿ ಹೋಗೋಣ ಎಂದು ಹೇಳುವ ಹಾಗಿರುತ್ತದೆ. ಅದರ ನಿಜವಾದ ಬಲ ಗೊತ್ತಾಗುವುದು ಕರಾಡ್–ಕೊಲ್ಹಾಪುರದ ನಡುವೆ. ಕಬ್ಬಿನ ಸೀಸನ್‌ನಲ್ಲಿ ಆ ದಾರಿಯಲ್ಲಿ ಹೋದವರಿಗೆ ಗೊತ್ತು. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಹಿಂದಿನ ದೀಪವೇ ಇರುವುದಿಲ್ಲ. ಅದರ ಹಿಂದೆ 30ರಲ್ಲಿ ಹೋಗುತ್ತಾ ಜಾಗ ಸಿಕ್ಕ ಕೂಡಲೇ ದಾಟಬೇಕು. ಆಗ 550 ಎನ್‌ಎಂ ಕೆಲಸಕ್ಕೆ ಬರುತ್ತದೆ. ಗೇರ್ ಇಳಿಯುವವರೆಗೂ ಕಾಯಬೇಕಿಲ್ಲ, ಕಾಲು ಒತ್ತಿದರೆ ಹೋಗುತ್ತದೆ. ಜೊತೆಗೆ 48 ವೋಲ್ಟ್‌ನ ಸ್ಟಾರ್ಟರ್ ಜನರೇಟರ್, ಅಂದರೆ ಎಂಜಿನ್‌ಗೆ ನೆರವಾಗುವ ಚಿಕ್ಕ ವಿದ್ಯುತ್ ಮೋಟರ್ ಇದೆ. ಅದು ಸ್ವಲ್ಪ ಹೊತ್ತಿಗೆ 20 ಎಚ್‌ಪಿ, 200 ಎನ್‌ಎಂ ಸೇರಿಸುತ್ತದೆ. ಅದಕ್ಕಿಂತ ನನಗೆ ಇಷ್ಟವಾದದ್ದು, ಸಿಗ್ನಲ್‌ನಲ್ಲಿ ನಿಂತು ಮತ್ತೆ ಹೊರಡುವಾಗ ಎಂಜಿನ್ ಶುರುವಾದದ್ದೇ ತಿಳಿಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಭಾನುವಾರ ಎರಡು ಕಾರಿನಲ್ಲೂ ಹಿಂದಿನ ಸೀಟು ಖಾಲಿ ಇತ್ತು. ಅವ್ವ ಧಾರವಾಡದಲ್ಲಿದ್ದಳು. ಕಾರು ತೆಗೆದುಕೊಂಡ ಮೇಲೆ ಮೊದಲ ಬಾರಿ ಅವಳನ್ನು ಕೂರಿಸಿಕೊಂಡು ಪುಣೆಗೆ ಬಂದೆ. ಕೊಲ್ಹಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಂದು ಕಾಲು ಹೊರಗಿಟ್ಟು ಹಾಗೇ ಕೂತಿದ್ದಳು. "ಕೂಡೂದೇನೋ ಕೂತೆ, ಏಳಾಕ ಬರವಲ್ದಲ್ಲೋ" ಎಂದಳು. ಅವಳಿಗೆ ಮೊಣಕಾಲು ನೋವು. ಕೈಹಿಡಿದು ಎಬ್ಬಿಸಿದೆ. ಆ ಪೂರ್ತಿ ದಾರಿ ಅವಳು ಬಾಗಿಲ ಮೇಲಿನ ಹಿಡಿಯನ್ನು ಬಿಟ್ಟಿರಲಿಲ್ಲ ಎಂದು ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು. ಮುಂದೆ ಕೂತು ಓಡಿಸುತ್ತಿದ್ದ ನನಗೆ ಅದು ಗೊತ್ತೇ ಆಗಿರಲಿಲ್ಲ. ಬಹಳ ಬೇಜಾರಾಯಿತು.

ಮುಂದಿನ ಸಲ, ಅವಳನ್ನು ಧಾರವಾಡಕ್ಕೆ ಬಿಡಲು, ಷಡ್ಕರ ಕಾರು ತೆಗೆದುಕೊಂಡು ಹೋದೆ. ಸಾತಾರಾ ದಾಟುವುದರೊಳಗೆ ಅವ್ವ ಮಲಗಿದ್ದಳು. ಕೊಲ್ಹಾಪುರದವರೆಗೆ ಏಳಲಿಲ್ಲ. "ಇದರಾಗ ನಿದ್ದಿ ಹತ್ತತೈತಿ ನೋಡು" ಎಂದಳು. ಇಳಿಯುವ ಕಷ್ಟ ಅದರಲ್ಲೂ ಇದೆ, ಅದೂ ತಗ್ಗಿನ ಕಾರೇ. ಆದರೆ ಸಾತಾರಾದಿಂದ ಕಾಗಲ್‌ವರೆಗೆ ಆರು ಲೇನ್ ಮಾಡುವ ಕೆಲಸ ನಡೆದು ಎಷ್ಟು ಕಡೆ ಡೈವರ್ಷನ್ ಬಂದವು, ಅಲ್ವಾ? ಆ ಏರುತಗ್ಗುಗಳನ್ನು ಸಿ ಕ್ಲಾಸ್ ಮೆತ್ತಗೆ ನುಂಗುತ್ತದೆ. ನನ್ನ ಕಾರು ಪ್ರತಿಯೊಂದನ್ನೂ ಹೇಳುತ್ತದೆ. ಓಡಿಸುವವನಿಗೆ ಆ ಮಾತು ಬೇಕು. ಹಿಂದೆ ಕೂತವರಿಗೆ ಬೇಡ.

ಗ್ರ್ಯಾನ್ ಲಿಮೊಸಿನ್ ಬಗ್ಗೆ ಹೇಳಿದೆನಲ್ಲ. ಅದೇ 330 ಎಂಜಿನ್, ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,851 ಮಿಲಿಮೀಟರ್‌ನಿಂದ 2,961ಕ್ಕೆ ಹೋಗಿದೆ. 110 ಮಿಲಿಮೀಟರ್ ಎಂದರೆ ನಾಲ್ಕು ಬೆರಳಿಗಿಂತ ಜಾಸ್ತಿ. ಅದರ ಲಾಭ ಹಿಂದಿನ ಸೀಟಿನವರಿಗೆ ಸಿಕ್ಕಿದೆ, ಹಿಂದಿನ ಬಾಗಿಲೂ ಉದ್ದ. ಕಳೆದ ವರ್ಷ ಸ್ನೇಹಿತರೊಬ್ಬರ ಕಾರಿನಲ್ಲಿ ಅವ್ವನನ್ನು ಕೂರಿಸಿ ನೋಡಿದೆ. ಕಾಲು ತಿರುಗಿಸಿ ಇಳಿಯಲು ಜಾಗ ಸಿಕ್ಕಿತು, ಅವಳೇ ಎದ್ದಳು. ಘಾಟ್‌ನಲ್ಲಿ ನನ್ನ ಕಾರಿನಷ್ಟು ಚುರುಕಿಲ್ಲ, ಆದರೂ ಸ್ಟೀರಿಂಗ್‌ನ ಗುಣ ಹೋಗಿಲ್ಲ. ಇವತ್ತು ಹೊಸದಾಗಿ ಆರಿಸುವುದಾದರೆ ನಾನು ಅದನ್ನೇ ಮೊದಲು ನೋಡುತ್ತೇನೆ.

ಟೈರ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ಏಕೆಂದರೆ ಶೋರೂಮ್‌ನಲ್ಲಿ ಇದನ್ನು ಯಾರೂ ವಿವರಿಸುವುದಿಲ್ಲ. ನನ್ನ ಕಾರಿಗೆ ಬಂದದ್ದು 18 ಇಂಚಿನ ರನ್‌ಫ್ಲಾಟ್ ಟೈರ್. ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿಲೋಮೀಟರ್ ಒಳಗೆ, ಸುಮಾರು 80 ಕಿಲೋಮೀಟರ್ ದೂರ ಹೋಗಬಹುದು. ಅದಕ್ಕಾಗಿ ಟೈರಿನ ಪಕ್ಕದ ಗೋಡೆಯನ್ನು ಬಹಳ ಗಟ್ಟಿಯಾಗಿ ಮಾಡಿರುತ್ತಾರೆ. ಆ ಗಟ್ಟಿತನವೇ ಹಳ್ಳಕೊಳ್ಳದಲ್ಲಿ ಸೊಂಟಕ್ಕೆ ತಟ್ಟುತ್ತದೆ. ನನ್ನ ಕಾರಿನಲ್ಲಿ ಮುಂದಿನ ಟೈರ್ 225, ಹಿಂದಿನದು 255 ಮಿಲಿಮೀಟರ್ ಅಗಲ. ಹಾಗಾಗಿ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸರಿಮಾಡುವುದಕ್ಕೂ ಆಗುವುದಿಲ್ಲ.

ಎರಡನೇ ವರ್ಷ ಜನವರಿಯಲ್ಲಿ, ರಾತ್ರಿ ಹನ್ನೊಂದಕ್ಕೆ, ಪೇಠ್ ನಾಕಾ ಹತ್ತಿರ ಡೈವರ್ಷನ್‌ನ ಕಾಂಕ್ರೀಟ್ ಅಂಚಿಗೆ ಮುಂದಿನ ಎಡ ಚಕ್ರ ಬಡಿಯಿತು. ಟೈರ್ ಪಕ್ಕದಲ್ಲಿ ಸೀಳಿತು. ಹಿಂದೆ ಅವ್ವ, ಪಕ್ಕದಲ್ಲಿ ಹೆಂಡತಿ. ಆ ಕತ್ತಲಲ್ಲಿ ಹೆದ್ದಾರಿ ಪಕ್ಕ ನಿಲ್ಲಿಸುವ ಪ್ರಸಂಗ ಬರಲಿಲ್ಲ. ನಿಧಾನವಾಗಿ ಕೊಲ್ಹಾಪುರದವರೆಗೂ ಹೋದೆವು. ಆ ರಾತ್ರಿ ರನ್‌ಫ್ಲಾಟ್ ಮಾಡಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಮರುದಿನ ಒಂದು ಟೈರ್ ಅಂಗಡಿಯಲ್ಲಿ ಅದನ್ನು ಬಿಚ್ಚುವಾಗ ಅಲಾಯ್ ರಿಮ್‌ನ ಅಂಚು ಕೆತ್ತಿಹಾಕಿದರು. ರನ್‌ಫ್ಲಾಟ್ ಬಿಚ್ಚಲು ಅದಕ್ಕೆ ತಕ್ಕ ಮಷೀನೇ ಬೇಕು. ಮಷೀನ್ ಇದೆಯಾ ಎಂದು ಕೇಳಿಯೇ ಕಾರು ಒಳಗೆ ಬಿಡಿ.

34,000 ಕಿಲೋಮೀಟರ್‌ಗೆ ನಾಲ್ಕೂ ಟೈರ್ ಸವೆದವು. ಆಗ ಸಾಮಾನ್ಯ ಟೈರ್ ಹಾಕಿಸಿದೆ. ಅದೇ ಕಾರು ಬೇರೆ ಕಾರಾಯಿತು. ಚಿಕ್ಕ ಏಟುಗಳು ಅರ್ಧಕ್ಕರ್ಧ ಕಡಿಮೆಯಾದವು, ಟೈರಿನ ಸದ್ದೂ ಇಳಿಯಿತು. ಸ್ಟೀರಿಂಗ್‌ನ ಚುರುಕು ಒಂದು ಕೂದಲೆಳೆಯಷ್ಟು ಕಡಿಮೆಯಾಗಿರಬಹುದು. ಈಗ ಡಿಕ್ಕಿಯಲ್ಲಿ ಕಂಪ್ರೆಸರ್ ಮತ್ತು ಪಂಕ್ಚರ್ ಕಿಟ್ ಇದೆ. ಆದರೆ ಪಕ್ಕದಲ್ಲಿ ಸೀಳಿದರೆ ಆ ಕಿಟ್ ಏನೂ ಮಾಡಲಾರದು. ಹೆಂಡತಿ ಒಬ್ಬಳೇ ರಾತ್ರಿ ಬರುವಾಗ ನನಗೆ ಈಗಲೂ ಆತಂಕ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ವಿಮೆ ಮಾಡಿಸುವಾಗ ಟೈರ್ ಕವರ್ ಸೇರಿಸಿ ಎಂದು ಮಾತ್ರ ಹೇಳಬಲ್ಲೆ. ಸಾಮಾನ್ಯ ಪಾಲಿಸಿಯಲ್ಲಿ ಕಾರಿಗೆ ಏನೂ ಆಗದೆ ಬರೀ ಟೈರ್ ಹೋದರೆ ಹಣ ಸಿಗುವುದಿಲ್ಲ.

ಒಳಗಿನ ವಿಷಯ. ಸಿ ಕ್ಲಾಸ್‌ನಲ್ಲಿ 11.9 ಇಂಚಿನ ದೊಡ್ಡ ಪರದೆ, ರಾತ್ರಿ ಬಣ್ಣದ ಬೆಳಕು. ಮಕ್ಕಳಿಗೆ ಅದೇ ಇಷ್ಟ. ಹತ್ತಿದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ. ನನಗೆ ನನ್ನ ಕಾರಿನ ತಿರುಗಿಸುವ ಗುಂಡಿ ಮತ್ತು ಎಸಿಯ ಬಟನ್‌ಗಳೇ ಹಿತ. ಜುಲೈ ಮಳೆಯಲ್ಲಿ ಗಾಜು ಮಂಜಾದಾಗ ರಸ್ತೆಯಿಂದ ಕಣ್ಣು ತೆಗೆಯದೆ ಬಟನ್ ಒತ್ತಬಹುದು. ಆಮೇಲೆ ಬಂದ 3 ಸೀರೀಸ್‌ನಲ್ಲಿ ಬಾಗಿದ ಪರದೆ ಬಂತು, ಎಸಿ ಬಟನ್‌ಗಳು ಹೋದವು. ಸೆಕೆಂಡ್ ಹ್ಯಾಂಡ್ ಹುಡುಕುವವರು ಇದನ್ನು ಗಮನಿಸಿ. ಇನ್ನೊಂದು ಸೌಲಭ್ಯ ನನಗೆ ಬಹಳ ಪ್ರೀತಿ. ಮುಂದೆ ಹೋದ ದಾರಿಯ ಕೊನೆಯ 50 ಮೀಟರನ್ನು ಕಾರು ನೆನಪಿಟ್ಟುಕೊಂಡು, ಅದೇ ದಾರಿಯಲ್ಲಿ ರಿವರ್ಸ್ ಬರುವಾಗ ಸ್ಟೀರಿಂಗ್ ತಾನೇ ತಿರುಗಿಸುತ್ತದೆ. ಸದಾಶಿವ ಪೇಠ್‌ನ ಗಲ್ಲಿಯಲ್ಲಿ ಎದುರಿಗೆ ಟೆಂಪೊ ಬಂದಾಗ ಇದರ ಬೆಲೆ ತಿಳಿಯುತ್ತದೆ.

ಖರ್ಚಿನ ಲೆಕ್ಕ. ನಾವು ತೆಗೆದುಕೊಂಡಾಗ ಮಹಾರಾಷ್ಟ್ರದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆ 13%, ಡೀಸೆಲ್‌ಗೆ 15%. ಸಿ 300ಡಿ ಬಂದಾಗ ಅದರ ಎಕ್ಸ್-ಶೋರೂಮ್ ಬೆಲೆ 61 ಲಕ್ಷ. ಆ 2% ಎಂದರೆ 1.22 ಲಕ್ಷ ರೂಪಾಯಿ. ಆದರೆ ನನಗೆ ಊರಿನಲ್ಲಿ ಲೀಟರ್‌ಗೆ 8–9, ಹೆದ್ದಾರಿಯಲ್ಲಿ 14 ಸಿಗುತ್ತದೆ. ಷಡ್ಕರಿಗೆ 12 ಮತ್ತು 19. ಪೆಟ್ರೋಲ್ 100 ರೂಪಾಯಿ ದಾಟಿರುವಾಗ ನನ್ನಷ್ಟು ಓಡಿಸುವವರಿಗೆ ವರ್ಷಕ್ಕೆ 50,000ಕ್ಕಿಂತ ಜಾಸ್ತಿ ವ್ಯತ್ಯಾಸ ಬೀಳುತ್ತದೆ. ಹಾಗೆಂದು ಆಫೀಸಿಗೆ ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ ಹೋಗುವವರು ಡೀಸೆಲ್ ತೆಗೆದುಕೊಳ್ಳಬೇಡಿ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಸುಟ್ಟು ಶುದ್ಧವಾಗಲು ಆಗಾಗ ಹೆದ್ದಾರಿ ಓಟ ಬೇಕು. ಹೊಗೆ ಶುದ್ಧಮಾಡುವ ಆಡ್‌ಬ್ಲೂ ಎಂಬ ದ್ರವವನ್ನೂ ತುಂಬಿಸುತ್ತಿರಬೇಕು. ಬಿಲ್‌ನಲ್ಲಿ 1% ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಾಕುತ್ತಾರೆ, ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳುವುದನ್ನು ಮರೆಯಬೇಡಿ. ಮಹಾರಾಷ್ಟ್ರದ ನಂಬರ್ ಪ್ಲೇಟ್ ಕಾರನ್ನು ಊರಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಕರ್ನಾಟಕದಲ್ಲಿ ಮತ್ತೆ ನೋಂದಣಿ, ಮತ್ತೆ ತೆರಿಗೆ. ವಾಪಸು ಹೋಗುವ ಯೋಚನೆ ಇರುವವರು ಇದನ್ನು ಮೊದಲೇ ಲೆಕ್ಕಹಾಕಿ.

ಷಡ್ಕರಿಗೆ ಇನ್ನೊಂದು ಅಭಿಮಾನ ಇದೆ. ಅವರ ಕಾರು ಜೋಡಿಸಿದ್ದು ಇಲ್ಲೇ ಚಾಕಣ್‌ನಲ್ಲಿ. ನನ್ನದು ಚೆನ್ನೈ ಹತ್ತಿರ. "ಇದು ನಮ್ಮೂರಿಂದು, ತಮ್ಮಾ" ಎಂದು ಬಾನೆಟ್ ಮೇಲೆ ಕೈಯಿಡುತ್ತಾರೆ.

ಯಾವುದು ತೆಗೆದುಕೊಳ್ಳಬೇಕು ಎಂದು ಕೇಳುವವರಿಗೆ ನಾನು ಈಗ ತಿರುಗಿ ಕೇಳುತ್ತೇನೆ, ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ಯಾರೂ ಇಲ್ಲ, ಅಥವಾ ಚಿಕ್ಕ ಮಕ್ಕಳು ಮಾತ್ರ ಎಂದರೆ ಕಣ್ಣುಮುಚ್ಚಿ 330ಐ ಹುಡುಕಿ, ಗಟ್ಟಿ ಟೈರ್ ಸವೆದ ಮೇಲೆ ಬದಲಾಯಿಸುವ ಯೋಚನೆ ಮಾಡಿ. ತಂದೆತಾಯಿ ಕೂರುತ್ತಾರೆ, ತಿಂಗಳಿಗೆ ಸಾವಿರ ಕಿಲೋಮೀಟರ್ ಹೆದ್ದಾರಿ ಇದೆ ಎಂದರೆ ಸಿ 300ಡಿ, ಇಲ್ಲವೇ ಗ್ರ್ಯಾನ್ ಲಿಮೊಸಿನ್. ಟೆಸ್ಟ್ ಡ್ರೈವ್‌ಗೆ ಅವರನ್ನೂ ಕರೆದುಕೊಂಡು ಹೋಗಿ. ನೀವೂ ಅರ್ಧ ಗಂಟೆ ಹಿಂದೆ ಕೂತು, ಓಡಿಸಲು ಬೇರೆಯವರಿಗೆ ಕೊಡಿ.

ನನ್ನ ಕಾರು ಮಾರುವ ಯೋಚನೆ ನನಗಿಲ್ಲ. ಈ ದೀಪಾವಳಿಗೆ ಅವ್ವನನ್ನು ಪುಣೆಗೆ ಕರೆತರಬೇಕು. ಶುಕ್ರವಾರ ಸಂಜೆ ಬಾಣೇರ್‌ಗೆ ಹೋಗಿ ಕೀಲಿ ಬದಲಾಯಿಸಿಕೊಳ್ಳುತ್ತೇನೆ ಎಂದು ಷಡ್ಕರಿಗೆ ಹೇಳಿದ್ದೇನೆ. ಭಾನುವಾರ ಬೆಳಗ್ಗೆ ಲವಾಸಾ ದಾರಿಯಲ್ಲಿ ಒಂದು ಸುತ್ತು ಹೋಗಲು ಅವರಿಗೂ ನನ್ನ ಕಾರು ಬೇಕಂತೆ.