ಅಮೂರ್ ಗೆಂಡೆ, ಜಯಂತಿ ರೋಹು, ಹಳೇ ಗೆಂಡೆ: ಮೂರು ವರ್ಷ ಹೊಂಡಕ್ಕೆ ಬಿಟ್ಟು ನೋಡಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಎಂಟು ತಿಂಗಳು ಮಾತ್ರ ನೀರು ನಿಲ್ಲೋ ಹೊಂಡ ನಿಮ್ಮದಾಗಿದ್ರೆ ಅಮೂರ್ ಗೆಂಡೆ (ಕಾರ್ಪ್) ಮೀನಿನ ಮರಿನೇ ತಂದು ಹಾಕಿ. ನಮ್ಮದು ಹೊಳಲ್ಕೆರೆ ಕಡೆ, 20 ಗುಂಟೆ ಹೊಂಡ, ತಳಕ್ಕೆ ಪ್ಲಾಸ್ಟಿಕ್ ಹಾಕಿಲ್ಲ. ಮಳೆ ಚೆನ್ನಾಗಿ ಬಂದ್ರೆ ಆಗಸ್ಟಲ್ಲಿ ತುಂಬುತ್ತೆ, ಯುಗಾದಿ ಹೊತ್ತಿಗೆ ಮೊಣಕಾಲುದ್ದ ಉಳಿಯುತ್ತೆ, ಅದೇ ನೀರು ಅಡಿಕೆ ಡ್ರಿಪ್ಪಿಗೂ ಹೋಗ್ಬೇಕು.

ಮೊದಲನೇ ವರ್ಷ ಮನೆ ಬಾಗಿಲಿಗೇ ಬಂದ ಮರಿ ವ್ಯಾಪಾರಿ ಹತ್ರ ಮಾಮೂಲಿ ಸಾಮಾನ್ಯ ಗೆಂಡೆ ಮರಿ 1000 ತಗೊಂಡೆ, ರೇಟು ಕಮ್ಮಿ ಅಂತ. ನಾಲ್ಕು ತಿಂಗಳು ಚೆನ್ನಾಗೇ ಬೆಳೆದ್ವು. ಜನವರಿಲಿ ಒಂದಿನ ಬೆಳಿಗ್ಗೆ ಹೋಗಿ ನೋಡ್ತೀನಿ, ದಡದಲ್ಲಿರೋ ಹುಲ್ಲೊಳಗೆ ಪಟಪಟ ಅಂತ ಒದ್ದಾಡ್ತಿವೆ, ಹುಲ್ಲಿಗೆಲ್ಲ ಸಬ್ಬಕ್ಕಿ ಥರ ಮೊಟ್ಟೆ ಅಂಟಿಕೊಂಡಿದೆ. ರೋಹು, ಕಾಟ್ಲಾ ನಿಂತ ನೀರಲ್ಲಿ ಮರಿ ಮಾಡಲ್ಲ, ಗೆಂಡೆ ಮಾಡುತ್ತೆ, ಅದು ನಂಗೆ ಗೊತ್ತಿತ್ತು, ಆದ್ರೆ ಆರು ತಿಂಗಳಿಗೇ ಮೊಟ್ಟೆಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ. ಪುಕ್ಕಟೆ ಮರಿ ಸಿಕ್ತು ಅಂತ ಖುಷಿನೇ ಆಯ್ತು ಆವಾಗ.

ಆಮೇಲೆ ಶುರುವಾಯ್ತು. ಹಾಕಿದ ತೌಡು, ಶೇಂಗಾ ಹಿಂಡಿ ಎಲ್ಲಾ ಆ ಸಾವಿರಾರು ಮರಿಗಳ ಪಾಲು, ದೊಡ್ಡವು ತಿಂದಿದ್ದೂ ಮೈಗೆ ಹತ್ತಲ್ಲ, ಮೊಟ್ಟೆಗೇ ಹೋಗುತ್ತೆ. ಇದರ ಮೇಲೆ ಗೆಂಡೆ ತಳದ ಕೆಸರು ಕೆದಕೋ ಮೀನು, ಅಷ್ಟೂ ಸೇರಿ ಕೆದಕಿದ್ರೆ ನೀರು ಎಂಗಿರುತ್ತೆ ಹೇಳಿ, ಕೆಮ್ಮಣ್ಣು ಕಲಸಿದ ಹಂಗೆ. ಡ್ರಿಪ್ ಫಿಲ್ಟರ್ ದಿನಕ್ಕೆ ಎರಡು ಸಲ ಬಿಚ್ಚಿ ತೊಳೀತಿದ್ದೆ, ಆದ್ರೂ ಎರಡು ಸಾಲು ಅಡಿಕೆಗೆ ನೀರು ಸರಿಯಾಗಿ ಹೋಗದೆ ಗರಿ ಹಳದಿ ಆಯ್ತು. ಏಪ್ರಿಲಲ್ಲಿ ಎಳೆಬಲೆ ಹಾಕಿದ್ರೆ ದೊಡ್ಡವೇ ಒಂದೊಂದು 300 ಗ್ರಾಂ, ಜೊತೆಗೆ ಮೂರು ಪುಟ್ಟಿ ಬೆರಳುದ್ದದ ಮೀನು, ಸಂತೆಲಿ ಯಾರೂ ಮುಟ್ಲಿಲ್ಲ. ತುಂಬಾ ಬೇಜಾರಾಯ್ತು.

ಯಾಕೆ ಹಿಂಗಾಗುತ್ತೆ ಅಂತ ಕೇಳ್ತಾ ಹೋದಾಗ ತಿಳಿದಿದ್ದು ಇದು. ಈ ಹಳೇ ಗೆಂಡೆ 1957ರಲ್ಲಿ ಬ್ಯಾಂಕಾಕಿಂದ ನಮ್ಮ ದೇಶಕ್ಕೆ ಬಂದ ತಳಿ. ಆವತ್ತಿಂದ ಅದರ ಮಕ್ಕಳು ಮೊಮ್ಮಕ್ಕಳನ್ನೇ ಮರಿ ಮಾಡಿಸ್ತಾ ಬಂದಿದ್ದಾರೆ, ದಪ್ಪ ಮೀನು ಮಾರಾಟಕ್ಕೆ ಹೋಗುತ್ತೆ, ಉಳಿದ ಸಣ್ಣವೇ ತಾಯಿ ಮೀನು ಆಗ್ತವೆ, ಒಡಹುಟ್ಟಿದವೇ ಕೂಡ್ತವೆ. ಬೆಳವಣಿಗೆ ಕುಂದುತ್ತೆ, ಬೇಗ ಮೊಟ್ಟೆಗೆ ಬರೋ ಗುಣ ಹಂಗೇ ಉಳೀತು. ಇದಕ್ಕೇ ಅಂತ ಬೆಂಗಳೂರು ಹತ್ರ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಹಂಗೇರಿಯಿಂದ ಅಮೂರ್ ತಳಿ ತರಿಸಿ, ನಮ್ಮ ಕರ್ನಾಟಕದ ನೀರಲ್ಲೇ ಹಳೇದರ ಪಕ್ಕ ಸಾಕಿ ನೋಡಿ, ಆಮೇಲೆ ರೈತರಿಗೆ ಕೊಟ್ರು. ಹಳೇದಕ್ಕಿಂತ ಹೆಚ್ಚುಕಮ್ಮಿ ಕಾಲು ಭಾಗ ಜಾಸ್ತಿ ಬೆಳೆಯುತ್ತೆ, ಮೊಟ್ಟೆಗೆ ಬರೋದು ತಡ. ನಂಗೆ ಬೇಕಾಗಿದ್ದು ಆ ಎರಡನೇದು.

ಎರಡನೇ ವರ್ಷ ಬರೀ ಅಮೂರ್ ಬಿಟ್ಟೆ. ಎಂಟು ತಿಂಗಳಿಗೆ 700 ಗ್ರಾಂ ಮೇಲೆ ಬಂತು, ಹುಲ್ಲಲ್ಲಿ ಒಂದು ಮೊಟ್ಟೆ ಕಾಣ್ಲಿಲ್ಲ. ನೀರು ಕದಡೋದು ಇದರಲ್ಲೂ ಇದೆ, ಫಿಲ್ಟರ್ ಎರಡು ದಿನಕ್ಕೊಮ್ಮೆ ತೊಳೆದ್ರೆ ಸಾಕಾಯ್ತು.

ನಮ್ಮ ದೊಡ್ಡಪ್ಪ ಕೇಳಿದ್ರು, "ಇದು ಇಂಜೆಕ್ಷನ್ ಕೊಟ್ಟು ದಪ್ಪ ಮಾಡಿದ್ದೇನಪ್ಪಾ?" ಅಂತ. ಇಲ್ಲ ದೊಡ್ಡಪ್ಪ, ನೀವು ಬಿತ್ತನೆಗೆ ಅಂತ ದಪ್ಪ ತೆನೆ ರಾಗಿ ಎತ್ತಿಡ್ತಿದ್ರಲ್ಲ, ಮೀನಲ್ಲೂ ಒಳ್ಳೇದು ಆರಿಸೋದು ಅಷ್ಟೇ ಅಂದೆ.

ಆರಿಸೋ ಕೆಲಸ ಅತಿ ಚೆನ್ನಾಗಿ ಮಾಡಿರೋದು ಅಂದ್ರೆ ಜಯಂತಿ ರೋಹು. ಭುವನೇಶ್ವರದ ಸಿಹಿನೀರು ಮೀನು ಸಾಕಣೆ ಸಂಶೋಧನಾ ಸಂಸ್ಥೆ ಸೀಫಾದವರು 1992ರಲ್ಲಿ ನಾರ್ವೆಯವರ ಜೊತೆ ಸೇರಿ ಗಂಗಾ, ಯಮುನಾ, ಬ್ರಹ್ಮಪುತ್ರ ಹಿಂಗೆ ಬೇರೆ ಬೇರೆ ನದಿಗಳ ರೋಹು ತಂದು, ಒಂದೊಂದು ಮೀನಿನ ಮೈಯೊಳಗೆ ಅಕ್ಕಿ ಕಾಳಿನಂಥ ಟ್ಯಾಗ್ ಇಟ್ಟು, ಯಾವ ತಾಯಿ ಮಗು ಅಂತ ಲೆಕ್ಕ ಬರೆದು, ತಲೆಮಾರಿಗೆ ಶೇಕಡಾ 17ರಷ್ಟು ಬೆಳವಣಿಗೆ ಏರಿಸಿದ್ದಾರೆ. ಸ್ವಾತಂತ್ರ್ಯದ ಸುವರ್ಣ ಜಯಂತಿ ವರ್ಷ 1997ರಲ್ಲಿ ಬಿಡುಗಡೆ, ಅದಕ್ಕೇ ಜಯಂತಿ. ಮೊಟ್ಟೆ ಕಾಟ ಇಲ್ಲ, ಕೆಸರು ಕೆದಕಲ್ಲ, ಸಂತೆಲಿ ರೇಟೂ ಗೆಂಡೆಗಿಂತ ಮೇಲು, ನಮ್ಮನೆಯವಳಿಗೂ ಸಾರಿಗೆ ರೋಹುನೇ ಬೇಕು.

ಆದ್ರೆ ಮೂರನೇ ವರ್ಷ 500 ಅಮೂರ್, 500 ಜಯಂತಿ ಒಟ್ಟಿಗೆ ಬಿಟ್ಟಾಗ ರೋಹು ನಿಂತಿದ್ದು 450 ಗ್ರಾಂಗೆ. ಅದಕ್ಕೆ ವರ್ಷ ಪೂರ್ತಿ ನೀರು ಬೇಕು ಅನ್ಸುತ್ತೆ. ಮಲೇಬೆನ್ನೂರು ಕಡೆ ಭದ್ರಾ ಚಾನೆಲ್ ಪಕ್ಕದಲ್ಲಿರೋ ನಮ್ಮ ಭಾವ ಅದೇ ಮರಿ ಬಿಟ್ಟು ವರ್ಷಕ್ಕೆ ಒಂದು ಕೆಜಿ ಹತ್ರ ತೆಗೆದ್ರು, ಅವರಿಗೆ ಜಯಂತಿನೇ ಸರಿ. ಇನ್ನೊಂದು, ಬೆರಳುದ್ದದ ಮರಿಲಿ ಜಯಂತಿ ಯಾವುದು ಮಾಮೂಲಿ ರೋಹು ಯಾವುದು ಕಣ್ಣಿಗೆ ಗೊತ್ತಾಗಲ್ಲ, ಕೇಳಿದ್ರೆ ಎಲ್ರೂ ಜಯಂತಿ ಅಂತಾರೆ. ತಾಯಿ ಮೀನು ಎಲ್ಲಿಂದ ತಂದ್ರಿ, ಯಾವಾಗ ಬದಲಾಯಿಸಿದ್ರಿ ಅಂತ ಕೇಳಿ, ಅಮೂರಿಗೂ ಅಷ್ಟೇ. ಉತ್ತರ ಕೊಡದವರ ಹತ್ರ ನಾನು ತಗೊಳ್ಳಲ್ಲ.

ಹಿಂಗೇ ಆರಿಸಿ ಮಾಡಿದ ಇನ್ನೊಂದು ಮೀನು ಗಿಫ್ಟ್ ತಿಲಾಪಿಯಾ, ಅದಕ್ಕೆ ಲೈಸೆನ್ಸ್ ಬೇಕು, ಕೈ ಹಾಕಿಲ್ಲ.

ಈ ಸಲ 700 ಅಮೂರ್, 300 ಜಯಂತಿ ಅಂತ ಮಾಡ್ಕೊಂಡಿದ್ದೀನಿ. ಹೊಂಡ ಈಗ ಒಣಗಿ ಬಿರುಕು ಬಿಟ್ಟಿದೆ, ಹೋದ ವಾರ ಸುಣ್ಣ ಚೆಲ್ಲಿದೀನಿ. ಹಳೇ ಗೆಂಡೆ ಒಂದೂ ಉಳಿದಿಲ್ಲ, ಮೂಲೆ ಗುಂಡಿನೂ ಕೆದಕಿ ನೋಡಿದೆ.