ಕಬಡ್ಡಿ ತೀರ್ಪುಗಾರರ ಹಂಚಿಕೆಗೆ ಓಪನ್‌ಸಾಲ್ವರ್: ಬಳಸಿ ನೋಡಿದವರ ಅಭಿಪ್ರಾಯ

ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಓಪನ್‌ಸಾಲ್ವರ್, ಎಕ್ಸೆಲ್‌ಗೆ ಸೇರಿಸಿಕೊಂಡು ಬಳಸುವ ಉಚಿತ ತಂತ್ರಾಂಶ; ನಾವು ಹಾಕಿದ ನಿಯಮಗಳನ್ನು ಮೀರದೆ ಅತ್ಯುತ್ತಮ ಹಂಚಿಕೆಯನ್ನು ಹುಡುಕಿಕೊಡುತ್ತದೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಒಂದೇ ಭಾನುವಾರ ಹಲವು ಕಡೆ ಪಂದ್ಯಾಟ ನಡೆಯುವ ನಮ್ಮ ಕಾಸರಗೋಡಿನಲ್ಲಿ, ತೀರ್ಪುಗಾರರ ಪಟ್ಟಿ ಮಾಡುವ ಹೊಣೆ ಹೊತ್ತವರು ಇದನ್ನು ಧಾರಾಳವಾಗಿ ನೆಚ್ಚಿಕೊಳ್ಳಬಹುದು.

ಕಬಡ್ಡಿ ಪಂದ್ಯವೊಂದಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್‌ಗಳು, ಒಬ್ಬ ಸ್ಕೋರರ್ ಮತ್ತು ಇಬ್ಬರು ಸಹಾಯಕ ಸ್ಕೋರರ್‌ಗಳು ಬೇಕು. ಸಾಲಿನಲ್ಲಿ ತೀರ್ಪುಗಾರರ ಹೆಸರು, ಕಂಬದಲ್ಲಿ ಪಂದ್ಯ, ನಡುವಿನ ಮನೆಗಳಲ್ಲಿ 0 ಅಥವಾ 1: ಆ ಪಂದ್ಯ ಅವರಿಗೆ ಬಿದ್ದರೆ 1, ಇಲ್ಲದಿದ್ದರೆ 0. ಪ್ರತಿ ಕಂಬದ ಮೊತ್ತ 6 ಆಗಬೇಕು, ಒಂದೇ ಹೊತ್ತಿನ ಎರಡು ಪಂದ್ಯಗಳಿಗೆ ಒಬ್ಬರೇ ಬೀಳಬಾರದು, ಸ್ವಂತ ಕ್ಲಬ್ಬಿನ ಪಂದ್ಯದ ಮನೆ 0 ಆಗಿಯೇ ಇರಬೇಕು. 18 ಜನ, 12 ಪಂದ್ಯವೆಂದರೆ 216 ಮನೆಗಳಾದವು. ಇದೇ ಕೆಲಸಕ್ಕೆ ಎಕ್ಸೆಲ್‌ನಲ್ಲೇ ಇರುವ ಸಾಲ್ವರ್ ಇಂಥ 200 ಮನೆಗಳಿಗೇ ನಿಲ್ಲುತ್ತದೆ. ಓಪನ್‌ಸಾಲ್ವರ್‌ಗೆ ಆ ಮಿತಿಯಿಲ್ಲ.

ಜಾಣತನ ಬೇಕಾಗುವುದು ಯಾವುದನ್ನು ಕಡಿಮೆ ಮಾಡಬೇಕೆಂದು ಹೇಳುವಲ್ಲಿ. ಒಟ್ಟು ಪ್ರಯಾಣದ ದೂರ ಕಡಿಮೆಯಾಗಲಿ ಎಂದರೆ, ಬದಿಯಡ್ಕದ ಅಂಕಣಕ್ಕೆ ಹತ್ತಿರವಿರುವವರ ಹೆಸರೇ ಮತ್ತೆ ಮತ್ತೆ ಬಂದು, ಉಪ್ಪಳದವರಿಗೆ ಪಂದ್ಯವೇ ಸಿಗದೆ ಹೋಗಬಹುದು. ಲೆಕ್ಕ ಸರಿ, ಹಂಚಿಕೆ ಮಾತ್ರ ಯಾರೂ ಒಪ್ಪುವಂಥದ್ದಲ್ಲ. ಅದರ ಬದಲು ಒಬ್ಬೊಬ್ಬರಿಗೆ ಕನಿಷ್ಠ ಇಷ್ಟು ಪಂದ್ಯವೆಂದು ಕಟ್ಟಿಹಾಕಿ, ಹಾಳೆಯ ಇನ್ನೊಂದು ಮನೆಯಲ್ಲಿನ ಸಂಖ್ಯೆ ಪ್ರತಿಯೊಬ್ಬರ ಪ್ರಯಾಣದ ದೂರಕ್ಕಿಂತ ಕಡಿಮೆಯಿರಬಾರದು ಎಂಬ ನಿಯಮ ಹಾಕಿ, ಆ ಸಂಖ್ಯೆಯನ್ನೇ ಇಳಿಸಲು ಹೇಳಿದರೆ ಅತಿ ಹೆಚ್ಚು ಅಲೆಯುವವರ ಹೊರೆ ತಗ್ಗುತ್ತದೆ.

ಅಮೆರಿಕದ ಬೇಸ್‌ಬಾಲ್ ಅಂಪೈರ್‌ಗಳ ಅಲೆದಾಟವನ್ನು ಮಾದರಿಯಾಗಿಟ್ಟುಕೊಂಡು ಸಂಶೋಧಕರಾದ ಮೈಕೆಲ್ ಟ್ರಿಕ್ ಮತ್ತು ಹಕನ್ ಯಿಲ್ಡಿಜ್ 2007ರಲ್ಲಿ ಬರೆದ ಸಮಸ್ಯೆ ಇದಕ್ಕಿಂತ ಬಹಳ ಜಟಿಲ: ಅಲ್ಲಿ ಅಂಪೈರ್‌ಗಳು ಊರಿಂದ ಊರಿಗೇ ಸಾಗುತ್ತಾರೆ, ಅದೇ ತಂಡದ ಪಂದ್ಯ ಬೇಗನೆ ಮರಳಿ ಅವರಿಗೆ ಬರಬಾರದು. ನಮ್ಮವರು ರಾತ್ರಿ ಮನೆ ಸೇರುವವರಾದ್ದರಿಂದ ಅಷ್ಟು ತೊಡಕಿಲ್ಲ.

ಓಪನ್‌ಸಾಲ್ವರ್‌ನಲ್ಲಿ ಕೊರತೆಯೂ ಇದೆ. ನಿಯಮಗಳು ಒಂದಕ್ಕೊಂದು ಹೊಂದದಿದ್ದಾಗ ಪರಿಹಾರವಿಲ್ಲ ಎಂದಷ್ಟೇ ತಿಳಿಸುತ್ತದೆ, ಯಾವ ನಿಯಮದಿಂದ ತೊಡಕಾಯಿತೆಂದು ಬೆರಳಿಟ್ಟು ತೋರಿಸುವುದಿಲ್ಲ. ಆದ್ದರಿಂದ ಒಂದೊಂದೇ ನಿಯಮ ಸೇರಿಸುತ್ತ ಪ್ರತಿಸಲವೂ ಓಡಿಸಿ ನೋಡುವುದು ಕ್ಷೇಮ. ಮೊಬೈಲ್‌ನ ಎಕ್ಸೆಲ್‌ನಲ್ಲಿ ಇದು ನಡೆಯದು, ಕಂಪ್ಯೂಟರ್ ಬೇಕೇ ಬೇಕು.