ಅಣ್ಣ ತಲೆ ಆಡಿಸಿದ, ಆಸ್ಪತ್ರೆಯವರು ನಂಬಿಬಿಟ್ಟರು

ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅತ್ತಿಗೆಗೂ ಅಷ್ಟೇ. ಅವರ ಮನೆಯಲ್ಲಿ ಮಾತೆಲ್ಲ ಸನ್ನೆ ಭಾಷೆಯಲ್ಲೇ. ಕಳೆದ ತಿಂಗಳು ಅಣ್ಣನನ್ನ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಅಂತ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹೆಸರು ಬೇಡ.

ಸೇರಿಸುವಾಗಲೇ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿದೆ. "ಮನೆಯವರು ಇದ್ದೀರಲ್ಲ ಸಾರ್, ನೀವೇ ಹೇಳ್ಬಿಡಿ" ಅಂದರು. ನಾನೂ ಹೂಂ ಅಂದೆ. ತಪ್ಪಾಗಿದ್ದು ಅಲ್ಲೇ. ನನಗೆ ಬರುವುದು ಊಟ ಆಯ್ತಾ, ಬಸ್ ಬಂತಾ ಮಟ್ಟದ ಸನ್ನೆ.

ಸಂಜೆ ನಾನು ಇನ್ಶೂರೆನ್ಸ್ ಕೌಂಟರಿನಲ್ಲಿ ನಿಂತಿದ್ದಾಗ ನರ್ಸ್ ಬಂದು ಅಣ್ಣನ 11 ವರ್ಷದ ಮಗಳ ಕೈಲಿ ಎಲ್ಲ ಹೇಳಿಸಿದ್ದಾರೆ. ರಾತ್ರಿ 12ರ ಮೇಲೆ ಬಾಯಿಗೆ ಏನೂ ಹಾಕಬಾರದು ಅನ್ನುವುದನ್ನ ಮಗು "ಊಟ ಬೇಡ" ಅಂತ ತೋರಿಸಿದೆ. ತುಟಿ ನೋಡಿ ತಿಳಿಯೋಣ ಅಂದ್ರೆ ನರ್ಸ್ ಮುಖಕ್ಕೆ ಮಾಸ್ಕ್. ಅಣ್ಣ ತಲೆ ಆಡಿಸಿದ. ಅವನು ಹಾಗೆ ತಲೆ ಆಡಿಸೋದು ಅರ್ಥ ಆಯ್ತು ಅಂತಲ್ಲ, ಸುಮ್ನೆ ಇವರಿಗೇಕೆ ತೊಂದರೆ ಅಂತ.

ಬೆಳಿಗ್ಗೆ ಕಾಫಿ ಕುಡಿದ. ಕಾಫಿ ಊಟ ಅಲ್ವಲ್ಲ! ಆಪರೇಷನ್ ಮರುದಿನಕ್ಕೆ ಹೋಯಿತು, ಒಂದು ದಿನದ ರೂಮ್ ಬಾಡಿಗೆ ನಮ್ಮ ತಲೆಗೆ ಬಂತು. "ನಾನು ತಪ್ಪು ಹೇಳಿದ್ದಕ್ಕಾ ಚಿಕ್ಕಪ್ಪ?" ಅಂತ ಮಗು ಕೇಳಿದಾಗ ಆ ನರ್ಸ್ ಎದುರಿಗಿರಬೇಕಿತ್ತು.

ಡ್ರಿಪ್ ಸೂಜಿಯನ್ನ ಬಲಗೈಗೆ ಚುಚ್ಚಿ, ಅಲ್ಲಾಡದ ಹಾಗೆ ರಟ್ಟಿಟ್ಟು ಪ್ಲಾಸ್ಟರ್ ಸುತ್ತಿದ್ದರು. ಎಚ್ಚರವಾದ ಮೇಲೆ ನೋವು ಎಲ್ಲಿದೆ ಅಂತ ಹೇಳಲು ಅಣ್ಣ ಅದೇ ಕೈ ಎತ್ತಿದ. ಡ್ರಿಪ್ ಕಿತ್ತುಹೋಗುತ್ತೆ ಅಂತ ಅದನ್ನ ಹಿಡಿದು ಹಾಸಿಗೆಗೆ ಒತ್ತಿದರು. ನಮ್ಮ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಆಮೇಲೆ ಕಾನೂನು ಓದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಖಾಸಗಿ ಆಸ್ಪತ್ರೆಗಳಲ್ಲೂ ಅಡೆತಡೆ ಇಲ್ಲದ ಹಾಗೆ ಸರ್ಕಾರ ನೋಡಿಕೊಳ್ಳಬೇಕು. ಸಂವಹನ ಅಂದರೆ ಸನ್ನೆ ಭಾಷೆಯೂ ಸೇರಿತು ಅಂತ ಅದೇ ಕಾಯ್ದೆ ಹೇಳುತ್ತದೆ. ಇವರ ಲೆಕ್ಕದಲ್ಲಿ ಬಾಗಿಲಿಗೊಂದು ರ‍್ಯಾಂಪ್ ಕಟ್ಟಿಸಿದರೆ ಮುಗೀತು!

ನೀವು ಹೀಗೆ ಸಿಕ್ಕಿಹಾಕಿಕೊಳ್ಳಬೇಡಿ. ಸೇರುವ ಮೊದಲೇ ಇಂಟರ್‌ಪ್ರಿಟರ್ ಬೇಕು ಅಂತ ಬರೆದುಕೊಡಿ, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಆಗಲ್ಲ ಅಂದರೆ ವಿಡಿಯೋ ಕಾಲ್‌ನಲ್ಲಾದರೂ ಕೊಡಿಸಿ ಅಂತ ಪಟ್ಟು ಹಿಡಿಯಿರಿ. ಮಕ್ಕಳನ್ನ ಮಧ್ಯೆ ನಿಲ್ಲಿಸಬೇಡಿ. ಡ್ರಿಪ್ ಯಾವ ಕೈಗೆ ಅಂತ ರೋಗಿಯನ್ನೇ ಕೇಳಿ ಫೈಲಿನ ಮೇಲೆ ಬರೆಸಿ. ದೂರು ಕೊಡಲು ರಾಜ್ಯದ ಅಂಗವಿಕಲರ ಆಯುಕ್ತರು ಇದ್ದಾರೆ. ನಾನು ಅರ್ಜಿ ಕಳಿಸಿದ್ದೇನೆ, ಆ ಒಂದು ದಿನದ ಬಿಲ್ ಸಮೇತ.